ಗ್ರೌಸ್ ಸಿಗುವ ಜಾಗ ಊರಿಗೆಲ್ಲ ಗೊತ್ತಾದ ಮೇಲೆ: ಒಂದು ಪ್ರಕರಣ

ಗ್ರೌಸ್ ಅಂದರೆ ಕೋಳಿ ಜಾತಿಯ ಒಂದು ಕಾಡುಹಕ್ಕಿ. ಇದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ ನಡೆದದ್ದು. ಜನರ ಹೆಸರು, ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ರಸ್ತೆ ನಂಬರು ಯಾವುದನ್ನೂ ಹೇಳುವುದಿಲ್ಲ. ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಶಿಕಾರಿ ಜಾಗ ಹೇಳಬಹುದಾ ಬೇಡವಾ ಅನ್ನುವ ಜಗಳದ ಬಗ್ಗೆ ಬರೆಯಲು ಕೂತು ನಾನೇ ಜಾಗ ಹೇಳಿಬಿಟ್ಟರೆ ಚೆನ್ನಾಗಿರಲ್ಲ, ಅಲ್ವಾ.

ಕನ್ನಡದಲ್ಲಿ ಬರೆಯಲು ಕಾರಣ ಇಷ್ಟೇ. ಇದರಲ್ಲಿ ಇರುವ ಇಬ್ಬರಲ್ಲಿ ಒಬ್ಬ ನಮ್ಮ ಕಡೆಯ ಹುಡುಗ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅಂದರೆ ಅಪರಾಧ ಅಂತಲೇ ನಾವು ಬೆಳೆದಿದ್ದೇವೆ. ಇಲ್ಲಿ ಲೆಕ್ಕ ಬೇರೆ. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ವಿಸ್ಕಾನ್ಸಿನ್‌ನಲ್ಲಿ ಬೇಟೆ ಲೈಸೆನ್ಸ್ ತೆಗೆದುಕೊಳ್ಳಬೇಕಾದರೆ ಸಾಮಾನ್ಯವಾಗಿ ಮೊದಲು ಬೇಟೆ ತರಬೇತಿ ಪಾಸಾಗಿರಬೇಕು. ಸೀಸನ್ ಇದೆ, ದಿನಕ್ಕೆ ಇಷ್ಟೇ ಹಕ್ಕಿ ಎಂಬ ಮಿತಿ ಇದೆ. ಉತ್ತರ ಭಾಗದಲ್ಲಿ ಗ್ರೌಸ್ ಸೀಸನ್ ಸೆಪ್ಟೆಂಬರ್ ಮಧ್ಯಕ್ಕೆ ಶುರು, ದಿನಕ್ಕೆ 5. ಕೋವಿ, ತೋಟಾಗಳ ಮೇಲೆ ಕಟ್ಟುವ ಕೇಂದ್ರ ತೆರಿಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಇದನ್ನು ಒಪ್ಪಬೇಕು ಅಂತೇನಿಲ್ಲ. ಆದರೆ ಮುಂದಿನದು ಅರ್ಥವಾಗಬೇಕಾದರೆ ಇಷ್ಟು ಗೊತ್ತಿರಬೇಕು.

ಹಿನ್ನೆಲೆ

ರಫ್ಡ್ ಗ್ರೌಸ್ ನಮ್ಮ ಕಾಡುಕೋಳಿಗಿಂತ ಸ್ವಲ್ಪ ಚಿಕ್ಕದು, ಅರ್ಧ ಕೆಜಿಗಿಂತ ಒಂದಿಷ್ಟು ಜಾಸ್ತಿ ತೂಗುತ್ತದೆ. ಮೈ ಕಂದು, ಬೂದು. ತರಗೆಲೆ ಮೇಲೆ ಕೂತರೆ ಕಾಣುವುದೇ ಇಲ್ಲ. ಕಾಲ ಬುಡದಿಂದ ಬುರ್ರನೆ ಎದ್ದು, ನೀವು ಕೋವಿ ಹೆಗಲಿಗೆ ತರುವಷ್ಟರಲ್ಲಿ ಮರಗಳ ಆಚೆ ಹೋಗಿರುತ್ತದೆ. ವಸಂತದಲ್ಲಿ ಗಂಡು ಹಕ್ಕಿ ಬಿದ್ದ ದಿಮ್ಮಿ ಮೇಲೆ ನಿಂತು ರೆಕ್ಕೆ ಬಡಿದು ಡೋಲಿನಂಥ ಸದ್ದು ಮಾಡುತ್ತದೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು, ಅಂದರೆ ಡಿಎನ್‌ಆರ್‌ನವರು, ಆ ಸದ್ದನ್ನು ಎಣಿಸಿಯೇ ವರ್ಷ ವರ್ಷ ಅಂದಾಜು ಕಟ್ಟುವುದು. ಸುಮಾರು ಹತ್ತು ವರ್ಷಕ್ಕೊಂದು ಸುತ್ತಿನಂತೆ ಈ ಹಕ್ಕಿಯ ಸಂಖ್ಯೆ ಏರುತ್ತದೆ, ಇಳಿಯುತ್ತದೆ.

ಮುಖ್ಯ ವಿಷಯ ಏನೆಂದರೆ, ಈ ಹಕ್ಕಿಗೆ ದೊಡ್ಡ ಹಳೆಯ ಕಾಡು ಬೇಡ. ಎಳೆಯ ಆಸ್ಪೆನ್ ಕಾಡು ಬೇಕು. ಇಲ್ಲಿಯವರು ಆ ಮರಕ್ಕೆ ಪಾಪಲ್ ಅನ್ನುತ್ತಾರೆ. ಪಾಪಲ್ ಕಾಡನ್ನು ಪೂರ್ತಿ ಕಡಿದರೆ ಬೇರಿನಿಂದಲೇ ಎಕರೆಗೆ ಸಾವಿರಾರು ಚಿಗುರು ಏಳುತ್ತವೆ. ಕಡಿದು ಎಂಟು ಹತ್ತು ವರ್ಷ ಆದಾಗ ಅದು ಗಿಡುಗನೂ ನುಗ್ಗಲಾಗದಷ್ಟು ದಟ್ಟವಾದ ಕೋಲುಗಳ ಕಾಡು. ಗ್ರೌಸ್‌ಗೆ ಅದೇ ಕೋಟೆ. ಇಪ್ಪತ್ತು ಇಪ್ಪತ್ತೈದು ವರ್ಷ ಆಗುವ ಹೊತ್ತಿಗೆ ಕಾಡು ತೆಳ್ಳಗಾಗಿ ಕೋಟೆಯ ಗುಣ ಹೋಗುತ್ತದೆ. ಆದರೂ ಚಳಿಗಾಲದ ಮೊಗ್ಗಿಗೆ ದೊಡ್ಡ ಪಾಪಲ್ ಮರಗಳೂ ಪಕ್ಕದಲ್ಲೇ ಇರಬೇಕು. ಮಿನ್ನೆಸೋಟ ವಿಶ್ವವಿದ್ಯಾಲಯದ ಗಾರ್ಡನ್ ಗಲಿಯನ್ ದಶಕಗಟ್ಟಲೆ ಈ ಹಕ್ಕಿಯ ಹಿಂದೆ ಬಿದ್ದು, ಬೇರೆ ಬೇರೆ ವಯಸ್ಸಿನ ಪಾಪಲ್ ತುಂಡುಗಳು ಅಕ್ಕಪಕ್ಕ ಇರುವಂತೆ ಕಡಿಯಿರಿ ಎಂದು ಹೇಳಿದ್ದು ಇದಕ್ಕೇ.

ಹಾಗಾಗಿ ಗ್ರೌಸ್ ಶಿಕಾರಿಯವರ ಪಾಲಿಗೆ ಒಳ್ಳೆಯ ಜಾಗ ಅಂದರೆ ಸರಿಯಾದ ವಯಸ್ಸಿನ ಪಾಪಲ್, ಪಕ್ಕದಲ್ಲಿ ಆಲ್ಡರ್ ಪೊದೆ ಬೆಳೆದ ಜೌಗು, ನಡುವೆ ಮರ ಸಾಗಿಸಿದ ಹಳೆಯ ಮಣ್ಣುದಾರಿ. ಆ ದಾರಿಯಲ್ಲಿ ಕ್ಲೋವರ್ ಸೊಪ್ಪು ಬೆಳೆದಿದ್ದರೆ ಇನ್ನೂ ಒಳ್ಳೆಯದು. ಮಲೆನಾಡಿನಲ್ಲಿ ಅಣಬೆ ಏಳುವ ಜಾಗವನ್ನು ಸ್ವಂತ ಭಾವನಿಗೂ ಹೇಳದವರಿದ್ದಾರಲ್ಲ, ಇದೂ ಅದೇ ಜಾತಿಯ ಗುಟ್ಟು.

ಈಗ ಜನ. ಒಬ್ಬರು ಎಪ್ಪತ್ತು ದಾಟಿದ ಹಿರಿಯರು, ಕಾಗದದ ಮಿಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಂದು ಮೊಣಕಾಲು ಸರಿಯಿಲ್ಲ. ಅವರ ನಾಯಿಗೂ ವಯಸ್ಸಾಗಿದೆ. ಇನ್ನೊಬ್ಬ ಮಿನಿಯಾಪೊಲಿಸ್ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡದ ಹುಡುಗ. ಅವರಿಬ್ಬರಿಗೂ ಪರಿಚಯ ನಾನು. ಹುಡುಗ ಕೆಲವು ಸೀಸನ್ ಅವರ ಹಿಂದೆ ಓಡಾಡಿ, ನಾಯಿಗೆ ನೀರು ಹೊತ್ತು, ಹೊಡೆದ ಹಕ್ಕಿ ಹುಡುಕಿಕೊಟ್ಟು ಕಲಿತ. ಹಿರಿಯರದ್ದೊಂದು ಅಭ್ಯಾಸ ಇದೆ. ಪ್ರತಿ ಹಕ್ಕಿಯನ್ನೂ ಟ್ರಕ್‌ನ ಹಿಂಬಾಗಿಲ ಮೇಲೆ ಇಟ್ಟು, ಕತ್ತಿನ ಬುಡದ ಮೇವಿನ ಚೀಲವನ್ನು ಬೆರಳಿನಿಂದಲೇ ಸೀಳಿ ಒಳಗಿರುವುದನ್ನು ಹರವುತ್ತಾರೆ. ಕ್ಲೋವರ್ ಎಲೆ ಇದ್ದರೆ ನಾಳೆ ದಾರಿಯಲ್ಲಿ ನಡೆ. ಹೇಜಲ್ ಗಿಡದ ಕುಚ್ಚು ಇದ್ದರೆ ಪೊದೆ ಒಳಗೆ ಹೋಗು. ಡಾಗ್‌ವುಡ್‌ನ ಬಿಳಿ ಹಣ್ಣು ಇದ್ದರೆ ಜೌಗಿನ ಅಂಚು ಹಿಡಿ. ಮಾತು ಕಮ್ಮಿ, ಪಾಠ ಇಷ್ಟೇ.

ಕೊನೆಗೊಂದು ದಿನ ಅವರು ಹುಡುಗನನ್ನು ತಮ್ಮ ಒಳ್ಳೆಯ ಜಾಗಕ್ಕೆ ಕರೆದುಕೊಂಡು ಹೋದರು. ಕೌಂಟಿ ಕಾಡು, ಅಂದರೆ ಸಾರ್ವಜನಿಕ ಜಮೀನು. ಯಾರಿಗೂ ಹೇಳಬೇಡ ಅಂತ ಅವರು ಹೇಳಲಿಲ್ಲ. ಹೇಳಬೇಕಾಗುತ್ತದೆ ಅಂತಲೇ ಅವರಿಗೆ ಹೊಳೆದಿರಲಿಲ್ಲ.

ಸಮಸ್ಯೆ

ಮುಂದಿನ ಸೀಸನ್ ಶುರುವಿನಲ್ಲಿ ಹುಡುಗ ಒಂದು ವಿಡಿಯೋ ಹಾಕಿದ. ಹೊಸದಾಗಿ ಬೇಟೆ ಕಲಿಯುವವರಿಗೆ ಅಂತ. ಚೆನ್ನಾಗಿತ್ತು ಕೂಡ. ಕೊನೆಯಲ್ಲಿ ಫಾರೆಸ್ಟ್ ರಸ್ತೆಯ ನಂಬರು ಹೇಳಿ, ಮ್ಯಾಪ್‌ನ ಪಿನ್ ಕೊಟ್ಟ. ಕೈತಪ್ಪಿ ಆದದ್ದಲ್ಲ, ಯೋಚನೆ ಮಾಡಿಯೇ ಕೊಟ್ಟದ್ದು. ಆಮೇಲೆ ನಾನು ಕೇಳಿದಾಗ ಅವನು ಹೇಳಿದ್ದು: "ಅಣ್ಣಾ, ಇದು ಸರ್ಕಾರಿ ಕಾಡು. ಇಲ್ಲಿ ಹುಟ್ಟಿದವರಿಗೆ ಜಾಗ ತೋರಿಸಲು ಅಜ್ಜ ಇರುತ್ತಾರೆ, ಮಾವ ಇರುತ್ತಾರೆ. ನಮ್ಮಂಥವರಿಗೆ ಯಾರಿದ್ದಾರೆ? ನನಗೆ ಅದೃಷ್ಟಕ್ಕೆ ಒಬ್ಬರು ಸಿಕ್ಕರು. ಸಿಗದವರು ಏನು ಮಾಡಬೇಕು?"

ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಲೈಸೆನ್ಸ್ ದುಡ್ಡು, ಕೋವಿ ತೋಟಾಗಳ ತೆರಿಗೆಯಿಂದಲೇ ವನ್ಯಜೀವಿ ಇಲಾಖೆಗಳ ದೊಡ್ಡ ಪಾಲು ಕೆಲಸ ನಡೆಯುವ ದೇಶ ಇದು, ಬೇಟೆಗಾರರು ವಯಸ್ಸಾಗಿ ಕಮ್ಮಿಯಾಗುತ್ತಿದ್ದಾರೆ, ಹೊಸಬರನ್ನು ಕರೆತನ್ನಿ ಎಂದು ಇಲಾಖೆಗಳೇ ಬೇಡಿಕೊಳ್ಳುತ್ತಿವೆ, ಹಾಗಿರುವಾಗ ಬಂದ ಹೊಸಬನಿಗೆ "ಕಾಡು ದೊಡ್ಡದಿದೆ, ಹುಡುಕಿಕೋ" ಅಂದರೆ ಅವನು ಎರಡನೇ ವರ್ಷ ಬರುವುದಿಲ್ಲ.

ಆದರೆ ಆ ಜಾಗದಲ್ಲಿ ಎರಡು ಗಾಡಿ ನಿಲ್ಲಿಸುವಷ್ಟೇ ಜಾಗ ಇತ್ತು. ಅಕ್ಟೋಬರ್‌ನ ಮೊದಲ ವಾರಾಂತ್ಯಗಳಲ್ಲಿ ರಸ್ತೆ ಪಕ್ಕದ ಚರಂಡಿಯವರೆಗೂ ಗಾಡಿಗಳು. ಒಂದು ದಿನ ಮರದ ಲಾರಿಯವನು ತಿರುಗಿಸಲಾಗದೆ ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಹಿಂದಕ್ಕೇ ಓಡಿಸಿಕೊಂಡು ಹೋದ. ಮಳೆ ಬಂದ ಮರುದಿನ ಯಾರೋ ಎಟಿವಿ, ಅಂದರೆ ಕಾಡುದಾರಿಯಲ್ಲಿ ಓಡಿಸುವ ದಪ್ಪ ಚಕ್ರದ ಸಣ್ಣ ಗಾಡಿ, ನುಗ್ಗಿಸಿ ಕ್ಲೋವರ್ ದಾರಿಯನ್ನು ಗದ್ದೆ ಉತ್ತ ಹಾಗೆ ಮಾಡಿದರು. ಪಕ್ಕದಲ್ಲೇ ನಲವತ್ತು ಎಕರೆಯ ಖಾಸಗಿ ಕಾಡು. ವಿಸ್ಕಾನ್ಸಿನ್‌ನಲ್ಲಿ ಖಾಸಗಿ ಕಾಡಿನವರು ಮ್ಯಾನೇಜ್ಡ್ ಫಾರೆಸ್ಟ್ ಲಾ ಎಂಬ ಯೋಜನೆಗೆ ಸೇರಿದರೆ ತೆರಿಗೆ ಕಮ್ಮಿ. ಜಮೀನನ್ನು ಜನರಿಗೆ ತೆರೆದಿಟ್ಟರೆ ಇನ್ನೂ ಕಮ್ಮಿ, ಮುಚ್ಚಿಟ್ಟರೆ ಸ್ವಲ್ಪ ಜಾಸ್ತಿ ಕಟ್ಟಬೇಕು. ಈ ಮಾಲೀಕರು ಜಾಸ್ತಿ ಕಟ್ಟಿ ಮುಚ್ಚಿಟ್ಟವರು. ಪಿನ್ ನೋಡಿಕೊಂಡು ಬಂದವರಿಗೆ ಆ ಗಡಿ ಎಲ್ಲಿ ಗೊತ್ತು.

ಎಲ್ಲಕ್ಕಿಂತ ಕೆಟ್ಟದ್ದು ಒಂದು ಶನಿವಾರ ನಡೆಯಿತು. ಎಲೆ ಇನ್ನೂ ಪೂರ್ತಿ ಉದುರಿರಲಿಲ್ಲ. ಎರಡು ಗುಂಪು ಒಂದೇ ತುಂಡಿಗೆ ಎರಡು ಕಡೆಯಿಂದ ನುಗ್ಗಿವೆ, ಒಬ್ಬರಿಗೆ ಇನ್ನೊಬ್ಬರು ಇರುವುದು ಗೊತ್ತಿಲ್ಲ. ಹಕ್ಕಿ ಎದ್ದಿತು, ಈಡು ಹಾರಿತು, ಚರೆಗಳು ಹಿರಿಯರ ತಲೆ ಮೇಲಿನ ಎಲೆಗಳಲ್ಲಿ ಮಳೆ ಬಿದ್ದ ಹಾಗೆ ಸದ್ದು ಮಾಡಿದವು. ಯಾರಿಗೂ ಪೆಟ್ಟಾಗಲಿಲ್ಲ. ಅವರು ನಾಯಿಯನ್ನು ಕರೆದು, ಕೋವಿ ಖಾಲಿ ಮಾಡಿ, ಮನೆಗೆ ಹೋದರು. ವಿಡಿಯೋ ವಿಷಯ ಅವರಿಗೆ ಗೊತ್ತಾದದ್ದು ಅವತ್ತೇ ಸಂಜೆ, ಮೊಮ್ಮಗಳ ಫೋನಿನಲ್ಲಿ.

ಏನೇನು ಮಾಡಿದರು

ಮೊದಲು ಹುಡುಗ ವಿಡಿಯೋ ತೆಗೆದುಹಾಕಿದ. ಪ್ರಯೋಜನ ಆಗಲಿಲ್ಲ. ಪಿನ್ ಆಗಲೇ ಎಷ್ಟೋ ಜನರ ಫೋನಿನ ಮ್ಯಾಪ್‌ನಲ್ಲಿ ಕೂತಿತ್ತು. ಅವರು ಅದನ್ನು ಇನ್ನಷ್ಟು ಜನರಿಗೆ ಕಳಿಸಿದ್ದರು. ವಿಡಿಯೋ ಅಳಿಸಬಹುದು, ಪಿನ್ ಅಳಿಸಲಾಗದು.

ಎರಡನೆಯದು ಹಿರಿಯರ ಗೆಳೆಯರೊಬ್ಬರ ಕಿತಾಪತಿ. ಅವರು ಬೇರೆ ಕಡೆ ಭಾರೀ ಹಕ್ಕಿ ಇದೆ ಅಂತ ಸುಮ್ನೆ ಒಂದು ಸುಳ್ಳು ಸುದ್ದಿ ಹಬ್ಬಿಸಿದರು. ಜನ ಅತ್ತ ಹೋಗಲಿ ಅಂತ. ಹೋದರು ಕೂಡ. ಆ ಜಾಗ ಇನ್ನೊಬ್ಬ ರೈತರ ಹುಲ್ಲುಗಾವಲಿಗೆ ಅಂಟಿಕೊಂಡಿತ್ತು, ಬೇಲಿ ಮುರಿಯಿತು, ಆ ರೈತರು ಅಲ್ಲಿಯವರೆಗೆ ಕೇಳಿದವರಿಗೆಲ್ಲ ಬೇಟೆಗೆ ಬಿಡುತ್ತಿದ್ದವರು ಅವತ್ತಿನಿಂದ "ಪ್ರವೇಶವಿಲ್ಲ" ಬೋರ್ಡ್ ಹಾಕಿದರು. ಗುಟ್ಟು ಉಳಿಸಲು ಸುಳ್ಳು ಹೇಳುವುದು ಜಾಣತನ ಎಂದು ಹಳೆಯ ಬೇಟೆಗಾರರು ನಗುತ್ತಾ ಹೇಳುವುದುಂಟು. ಇಲ್ಲಿ ಅದರ ಬಿಲ್ ಬಂದದ್ದು ಸಂಬಂಧವೇ ಇಲ್ಲದವರಿಗೆ.

ಮೂರನೆಯದು, ಮಾತು. ಇಲ್ಲಿ ಶುಕ್ರವಾರ ಸಂಜೆ ಅಂದರೆ ಊರಿನ ಹೋಟೆಲುಗಳಲ್ಲಿ ಕರಿದ ಮೀನಿನ ಊಟ. ಅಲ್ಲಿ ಇಬ್ಬರನ್ನೂ ಕೂರಿಸಿದೆವು. ಹುಡುಗ ಕ್ಷಮೆ ಕೇಳಿದ, ಕೇಳಿದ ಮೇಲೆ ತನ್ನ ವಾದವನ್ನೂ ಹೇಳಿದ. ಹಿರಿಯರು ಪ್ಲೇಟಿನಿಂದ ತಲೆ ಎತ್ತಲಿಲ್ಲ. ಕೊನೆಗೆ ಹೇಳಿದ್ದು ಇಷ್ಟು: "ಕಾಡು ಎಲ್ಲರದ್ದು, ಸರಿ. ಆದರೆ ಅಲ್ಲಿ ಹಕ್ಕಿ ಇದೆ ಅಂತ ನಿನಗೆ ಹೇಳಿದ್ದು ಕಾಡಲ್ಲ, ನಾನು."

ನನ್ನ ಲೆಕ್ಕದಲ್ಲಿ ಈ ಪ್ರಕರಣದ ಮೊದಲ ತಿರುವು ಇದೇ. ಹುಡುಗನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಜಮೀನು ಸಾರ್ವಜನಿಕ ಆಗಿರುವುದು ಒಂದು ವಿಷಯ, ಆ ಜಮೀನಿನ ಬಗ್ಗೆ ಒಬ್ಬರು ನಂಬಿ ಕೊಟ್ಟ ತಿಳುವಳಿಕೆ ಇನ್ನೊಂದು ವಿಷಯ. ಅವನು ತಾನೇ ನಡೆದು, ಬೆವರಿಳಿಸಿ ಹುಡುಕಿದ ಜಾಗವಾಗಿದ್ದರೆ ಪಿನ್ ಹಾಕುವುದು ಅವನಿಷ್ಟ ಎಂದೇ ನಾನೂ ಹೇಳುತ್ತಿದ್ದೆ. ಇಷ್ಟವಾಗದಿರಬಹುದು, ಆದರೆ ಬೇಡ ಅನ್ನಲು ನಾನು ಯಾರು?

ಎರಡನೆಯ ತಿರುವು ಯಾರೂ ಎಣಿಸದ ಕಡೆಯಿಂದ ಬಂತು. ಎಟಿವಿ ಗಾಡಿಯ ಗುಂಡಿಗಳ ಬಗ್ಗೆ ದೂರು ಕೊಡಲು ನಾವು ಕೌಂಟಿಯ ಅರಣ್ಯ ಕಚೇರಿಗೆ ಹೋದೆವು. ಅಲ್ಲಿನ ಫಾರೆಸ್ಟರ್ ಮ್ಯಾಪ್ ಹರಡಿ ನೋಡಿ ಆಶ್ಚರ್ಯಪಟ್ಟರು. "ಇಲ್ಲಿ ಗ್ರೌಸ್ ಹೊಡೆಯುತ್ತಾರಾ? ನಮಗೆ ಗೊತ್ತೇ ಇರಲಿಲ್ಲ." ಆ ದಾರಿಯನ್ನು ಎಟಿವಿ ಮಾರ್ಗಕ್ಕೆ ಸೇರಿಸುವ ಮಾತು ಆಗಲೇ ಕಚೇರಿಯಲ್ಲಿ ನಡೆದಿತ್ತು. ಎಟಿವಿ ಕ್ಲಬ್‌ನವರು ಮೀಟಿಂಗ್‌ಗೆ ಬಂದು ಕೇಳಿದ್ದರು. ಗ್ರೌಸ್‌ನವರು ಯಾರೂ ಬಂದಿರಲಿಲ್ಲ. ಹೇಗೆ ಬರುತ್ತಾರೆ, ಬಂದರೆ ಜಾಗ ಹೇಳಬೇಕಾಗುತ್ತದಲ್ಲ!

ವಿಸ್ಕಾನ್ಸಿನ್‌ನಲ್ಲಿ ಕೌಂಟಿ ಕಾಡುಗಳೇ ಸುಮಾರು 24 ಲಕ್ಷ ಎಕರೆ. ಪ್ರತಿ ಕೌಂಟಿಯೂ ತನ್ನ ಕಾಡಿಗೆ 15 ವರ್ಷದ ಯೋಜನೆ ಮಾಡುತ್ತದೆ. ಈಗಿನದು 2021ರಿಂದ 2035ರವರೆಗಿನದು. ಎಲ್ಲಿ ಕಡಿಯಬೇಕು, ಯಾವ ದಾರಿ ತೆರೆಯಬೇಕು, ಯಾವುದಕ್ಕೆ ಗೇಟು ಹಾಕಬೇಕು ಎಲ್ಲವೂ ಅಲ್ಲಿ, ಜನರೆದುರು ತೀರ್ಮಾನ ಆಗುತ್ತದೆ. ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡಿದ್ದ ಹಿರಿಯರು ಆ ಜಾಗವನ್ನು ಜನರಿಂದ ಕಾಪಾಡಿದ್ದರು, ಕಾಗದದಲ್ಲಿ ಮಾತ್ರ ಅದು ಯಾರಿಗೂ ಬೇಡದ ಜಾಗವಾಗಿ ಕೂತಿತ್ತು.

ಫಾರೆಸ್ಟರ್ ಒಂದು ದಾರಿ ಹೇಳಿದರು. ದಾರಿಯ ಬಾಯಲ್ಲೇ ಮಣ್ಣಿನ ದಿಬ್ಬ ಹಾಕಿ ಗಾಡಿ ಒಳಗೆ ಹೋಗದಂತೆ ಮಾಡುವುದು, ಒಳಗಿನ ದಾರಿಯನ್ನು ಬೇಟೆಗಾರರು ನಡೆದೇ ಹೋಗುವ ಹಾದಿ ಅಂತ ಬರೆದುಕೊಳ್ಳುವುದು, ಕ್ಲೋವರ್ ಮತ್ತೆ ಬಿತ್ತುವುದು. ಇದರ ಪರವಾಗಿ ಕೌಂಟಿ ಮೀಟಿಂಗ್‌ನಲ್ಲಿ ಯಾರಾದರೂ ಎದ್ದು ಮಾತಾಡಬೇಕು. ಅಂದರೆ ಜಾಗದ ಹೆಸರು ಹಿಡಿದು, ಮೈಕಿನ ಮುಂದೆ, ನಡಾವಳಿಯಲ್ಲಿ ದಾಖಲಾಗುವ ಹಾಗೆ.

ಹಿರಿಯರು ನಿರ್ಧಾರಕ್ಕೆ ಬಹಳ ದಿನ ತೆಗೆದುಕೊಂಡರು. ದಿಬ್ಬ ಬಂದರೆ ಅವರಿಗೇ ಕಷ್ಟ. ಮೊಣಕಾಲಿನ ದೆಸೆಯಿಂದ ಅವರು ಟ್ರಕ್ಕನ್ನು ಒಂದಷ್ಟು ದೂರ ಒಳಗೇ ತಂದು ನಿಲ್ಲಿಸುತ್ತಿದ್ದರು. ಕೊನೆಗೆ ಹೋಗಿ ಮಾತಾಡಿದರು. ಹುಡುಗನೂ ಮಿನಿಯಾಪೊಲಿಸ್‌ನಿಂದ ಗಾಡಿ ಓಡಿಸಿಕೊಂಡು ಬಂದು ಮಾತಾಡಿದ. ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ಕೂತಿದ್ದರು.

ಏನಾಯಿತು

ದಿಬ್ಬ ಬಂತು. ಮರು ಸೀಸನ್‌ಗೆ ಗಾಡಿಗಳು ಅರ್ಧಕ್ಕರ್ಧ ಕಮ್ಮಿಯಾದವು ಅನಿಸುತ್ತದೆ, ಯಾರೂ ಕೂತು ಎಣಿಸಿಲ್ಲ. ನಡೆಯಬೇಕು ಅಂದರೆ ಜನ ತಾವಾಗಿಯೇ ಸೋಸಿಹೋಗುತ್ತಾರೆ. ದಾರಿ ಶುರುವಿನ ಕಾಲು ಮೈಲಿಯಲ್ಲಿ ಬೂಟಿನ ಗುರುತು ಇರುತ್ತದೆ, ಆಮೇಲೆ ಇರುವುದಿಲ್ಲ.

ಹಕ್ಕಿ ಕಮ್ಮಿ ಆಯಿತಾ? ಎಲ್ಲರೂ ಇದನ್ನೇ ಕೇಳುತ್ತಾರೆ. ಆ ಅಕ್ಟೋಬರ್‌ನಲ್ಲಿ ಹಕ್ಕಿಗಳು ದೂರದಲ್ಲೇ ಏಳುತ್ತಿದ್ದವು, ನಾಯಿ ವಾಸನೆ ಹಿಡಿದು ನಿಲ್ಲುವ ಮೊದಲೇ ಓಡುತ್ತಿದ್ದವು. ಗದ್ದಲ ಕಂಡ ಗ್ರೌಸ್ ಹಾಗೆಯೇ ಮಾಡುತ್ತದೆ. ಆದರೆ ಶಿಕಾರಿಯಿಂದಲೇ ಸಂತತಿ ಕುಸಿಯಿತು ಅನ್ನಲು ಬರುವುದಿಲ್ಲ. ಅಪಲಾಚಿಯನ್ ಬೆಟ್ಟಗಳ ಹಲವು ರಾಜ್ಯ ಸೇರಿ 1996ರಿಂದ 2002ರವರೆಗೆ ಮಾಡಿದ ಅಧ್ಯಯನದಲ್ಲಿ ಕೆಲವು ಕಡೆ ಬೇಟೆ ನಿಲ್ಲಿಸಿ ನೋಡಿದರು. ನಿಲ್ಲಿಸಿದ ಕಡೆ ಹಕ್ಕಿಗಳು ಜಾಸ್ತಿ ಬದುಕಿದ್ದು ಕಾಣಲಿಲ್ಲ. ಮಧ್ಯ ವಿಸ್ಕಾನ್ಸಿನ್‌ನಲ್ಲಿ ಅದಕ್ಕೂ ಮೊದಲು ನಡೆದ ಕೆಲಸದಲ್ಲಿ ಬೇರೆ ಚಿತ್ರ. ಜನ ಸುಲಭವಾಗಿ ಹೋಗುವ ಸಾರ್ವಜನಿಕ ಜಮೀನಿನಲ್ಲಿ ಬೇಟೆಗೆ ಬಲಿಯಾಗುವ ಹಕ್ಕಿಗಳ ಪಾಲು ಪಕ್ಕದ ಖಾಸಗಿ ಜಮೀನಿಗಿಂತ ಬಹಳ ಜಾಸ್ತಿ. ಎರಡನ್ನೂ ಸೇರಿಸಿ ನೋಡಿದರೆ ನನಗೆ ಅನಿಸುವುದು, ಇಡೀ ರಾಜ್ಯದ ಹಕ್ಕಿಗೆ ಒಂದು ವಿಡಿಯೋದಿಂದ ಏನೂ ಆಗದು, ರಸ್ತೆ ಪಕ್ಕದ ಒಂದು ಸಣ್ಣ ತುಂಡಿಗೆ ಮಾತ್ರ ಒಂದೇ ತಿಂಗಳಲ್ಲಿ ಬರೆ ಬೀಳುತ್ತದೆ.

ಹುಡುಗ ಮತ್ತೆ ವಿಡಿಯೋ ಮಾಡಿದ. ಈ ಸಲ ಜಾಗ ಇಲ್ಲ, ಜಾಗ ಓದುವುದು ಹೇಗೆ ಅಂತ ಇದೆ. ವಿಸ್ಕಾನ್ಸಿನ್ ಡಿಎನ್‌ಆರ್‌ನ ಎಫ್‌ಫ್ಲೈಟ್ ಎಂಬ ಮ್ಯಾಪ್ ಇದೆ, ಎಳೆಯ ಆಸ್ಪೆನ್ ಮತ್ತು ಆಲ್ಡರ್ ಎಲ್ಲೆಲ್ಲಿದೆ ಎಂದು ಅದೇ ತೋರಿಸುತ್ತದೆ. ಕೌಂಟಿಯ ಮರದ ಹರಾಜಿನ ಕಾಗದಗಳಲ್ಲಿ ಯಾವ ತುಂಡು ಯಾವ ವರ್ಷ ಕಡಿದದ್ದು ಎಂದು ಸಿಗುತ್ತದೆ. ತಮಾಷೆ ಏನೆಂದರೆ ಹಿರಿಯರ ಮಹಾ ಗುಟ್ಟು ಎರಡರಲ್ಲೂ ಮೊದಲಿನಿಂದಲೇ ಇತ್ತು. ಓದುವವರು ಇರಲಿಲ್ಲ, ಅಷ್ಟೇ. ಓದಿ, ಪಕ್ಕಾ ಮಾಡಿಕೊಳ್ಳಲು ನಡೆದು, ಹತ್ತರಲ್ಲಿ ಎಂಟು ಕಡೆ ಬರಿಗೈಯಲ್ಲಿ ವಾಪಸ್ ಬರುವ ತಾಳ್ಮೆ ಇದ್ದವನು ಆಮೇಲೆ ಎಟಿವಿ ನುಗ್ಗಿಸುವುದಿಲ್ಲ ಎಂಬುದು ನನ್ನ ನಂಬಿಕೆ.

ಇದರಿಂದ ತೆಗೆದುಕೊಳ್ಳಬಹುದಾದದ್ದು

ಹೇಳಬೇಕಾ ಮುಚ್ಚಿಡಬೇಕಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನಗೆ ಅನಿಸಿದ್ದು ಮಿಷಿಗನ್ ನೋಡಿದ ಮೇಲೆ. ಅಲ್ಲಿ ಸರ್ಕಾರವೇ ಗ್ರೌಸ್ ಜಾಗಗಳನ್ನು ಹೆಸರಿಟ್ಟು, ಮ್ಯಾಪ್ ಹಾಕಿ ಪ್ರಚಾರ ಮಾಡುತ್ತದೆ. ಜೆಮ್ಸ್ ಅಂತ ಕರೆಯುತ್ತಾರೆ. ಅಲ್ಲಿ ಗಾಡಿ ನಿಲ್ಲಿಸಲು ಜಾಗ ಇದೆ, ಮಾಹಿತಿ ಫಲಕ ಇದೆ, ನಡೆಯುವ ಹಾದಿ ಇದೆ, ಪಾಪಲ್ಲನ್ನು ಸರದಿ ಪ್ರಕಾರ ಕಡಿಯುವ ಯೋಜನೆ ಇದೆ. ಜನ ಬರಲಿ ಎಂದು ಮಾಡಿದ ಜಾಗ ಅದು. ವಿಸ್ಕಾನ್ಸಿನ್‌ನ ಪಾರ್ಕ್ ಫಾಲ್ಸ್ ಪಟ್ಟಣ ತಾನು ಜಗತ್ತಿನ ಗ್ರೌಸ್ ರಾಜಧಾನಿ ಎಂದು ಬೋರ್ಡ್ ಹಾಕಿಕೊಂಡಿದೆ. ಅದರಿಂದಲೂ ಯಾರ ಜಾಗವೂ ಹಾಳಾಗಿಲ್ಲ. ಸುತ್ತ ಅಷ್ಟು ದೊಡ್ಡ ಕಾಡಿದೆ. ಎರಡು ಗಾಡಿ ಹಿಡಿಯುವ ಬಾಯಿಗೆ ಸಾವಿರ ಜನರನ್ನು ಕಳಿಸುವುದು ಮಾತ್ರ ಬೇರೆ ಕೆಲಸ.

ನಮ್ಮ ಗುಂಪಿನಲ್ಲಿ ಈಗ ನಡೆಯುವ ಪದ್ಧತಿ ಹೀಗಿದೆ. ಹೊಸಬರು ಕೇಳಿದರೆ ಯಾವ ಕೌಂಟಿ, ಯಾವ ನ್ಯಾಷನಲ್ ಫಾರೆಸ್ಟ್ ಎಂದು ಧಾರಾಳವಾಗಿ ಹೇಳುತ್ತೇವೆ. ಹೇಗೆ ಹುಡುಕಬೇಕು ಎಂದು ಪಕ್ಕದಲ್ಲಿ ಕೂತು ತೋರಿಸುತ್ತೇವೆ. ಜೊತೆಗೆ ಕರೆದುಕೊಂಡೂ ಹೋಗುತ್ತೇವೆ. ಪಿನ್ ಕೊಡುವುದಾದರೆ ಮುಖಾಮುಖಿ, ಒಬ್ಬರಿಗೆ, ಇದನ್ನು ಮುಂದಕ್ಕೆ ದಾಟಿಸಬಹುದಾ ಇಲ್ಲವಾ ಎಂದು ಬಾಯಿಬಿಟ್ಟು ಹೇಳಿ. ಹಿರಿಯರ ಮನಸ್ಸಿನಲ್ಲಿದ್ದ ನಿಯಮ ಹುಡುಗನಿಗೆ ತಾನಾಗಿ ಗೊತ್ತಾಗಬೇಕಿತ್ತು ಅನ್ನುವವರನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಹುಟ್ಟದವನಿಗೆ ಇಲ್ಲಿಯ ಮೌನ ಅರ್ಥವಾಗಲ್ಲ. ಇನ್ನೊಬ್ಬರು ತೋರಿಸಿದ ಜಾಗದ ವಿಷಯ ಬಂದರೆ ಅವರನ್ನು ಕೇಳದೆ ಒಂದಕ್ಷರ ಹೊರಗೆ ಹೋಗಬಾರದು. ಇದರಲ್ಲಿ ವಿನಾಯಿತಿ ಇಲ್ಲ.

ಕೌಂಟಿ ಮೀಟಿಂಗ್ ಬಂದಾಗ ಮಾತ್ರ ಇದೆಲ್ಲ ಪಕ್ಕಕ್ಕಿಟ್ಟು ಜಾಗದ ಹೆಸರು ಹೇಳಲೇಬೇಕು ಎಂದು ನಮ್ಮಲ್ಲಿ ಕೆಲವರ ವಾದ. ಹತ್ತು ಹದಿನೈದು ವರ್ಷದಲ್ಲಿ ಆ ಪಾಪಲ್ ಹೇಗೂ ಮುದಿಯಾಗುತ್ತದೆ, ಪಕ್ಕದ ತುಂಡನ್ನು ಕಡಿಯಿರಿ ಎಂದು ಈಗಲೇ ಕೇಳದಿದ್ದರೆ ಮುಚ್ಚಿಟ್ಟ ಗುಟ್ಟಿನಲ್ಲಿ ಹಕ್ಕಿಯೇ ಇರುವುದಿಲ್ಲ. ಇನ್ನು ಕೆಲವರು ನಡಾವಳಿಯನ್ನೂ ಜನ ಓದುತ್ತಾರೆ, ಫಾರೆಸ್ಟರ್‌ಗೆ ಖಾಸಗಿಯಾಗಿ ಹೇಳಿದರೆ ಸಾಕು ಅನ್ನುತ್ತಾರೆ. ನಾನು ಮೊದಲನೆಯವರ ಕಡೆ. ಖಾಸಗಿಯಾಗಿ ಹೇಳಿದ್ದು ಮೀಟಿಂಗ್‌ನಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಎಟಿವಿ ಕ್ಲಬ್‌ನವರು ಗುಂಪಾಗಿ ಬಂದು ಕೂರುತ್ತಾರೆ.

ಹಿರಿಯರು, ಹುಡುಗ ಈಗ ಮಾತಾಡುತ್ತಾರೆ. ಒಟ್ಟಿಗೆ ಶಿಕಾರಿಗೂ ಹೋಗುತ್ತಾರೆ, ಆದರೆ ಆ ದಿಬ್ಬದ ಹಾದಿಗೆ ಮಾತ್ರ. ಅವರ ಹತ್ತಿರ ಇನ್ನೂ ಜಾಗಗಳಿವೆ ಎಂದು ಹುಡುಗನಿಗೆ ಗೊತ್ತು. ಕೇಳಿಲ್ಲ. ಅವನೇ ನಕ್ಷೆ ಓದಿ, ನಡೆದು, ಒಂದೆರಡು ಒಳ್ಳೆಯ ತುಂಡು ಕಂಡುಕೊಂಡಿದ್ದಾನೆ. ಎಲ್ಲಿ ಅಂತ ಮೊನ್ನೆ ನಾನು ಕೇಳಿದೆ. "ಉತ್ತರಕ್ಕೆ ಅಣ್ಣಾ," ಅಂದ.